ಬಳೆ ತತ್ತಿಯಾದದ್ದು ಏಕೆ?

ಸಿಂದಗಿ ಸೀಮೆಯ ಕನ್ನೊಳ್ಳಿಯಂಥ ಊರಿನ ಒಂದು ಶಾಲೆ ಎಂದುಕೊಳ್ಳೋಣ. ಆ ಶಾಲೆಗೆ ಒಂದು ಲ್ಯಾಪ್‌ಟಾಪ್ ಬಂದಿದೆ. ಜೊತೆಗೆ ಚಿತ್ರ ಬರೆಯಲು ಒಂದು ಗ್ರಾಫಿಕ್ಸ್ ಟ್ಯಾಬ್ಲೆಟ್ ಕೂಡ ಬಂದಿದೆ. ನೋಡಲು ಅದು ಪಾಟಿಯಂಥ ಕಪ್ಪು ಹಲಗೆ, ಅದಕ್ಕೊಂದು ಲೇಖನಿ. ಹಲಗೆಯ ಮೇಲೆ ಲೇಖನಿ ಆಡಿಸಿದರೆ ಅಲ್ಲಿ ಏನೂ ಮೂಡುವುದಿಲ್ಲ. ಗೆರೆ ಮೂಡುವುದು ಲ್ಯಾಪ್‌ಟಾಪಿನ ಪರದೆಯ ಮೇಲೆ.

ಏಳನೆಯ ತರಗತಿಯ ಹುಡುಗಿಯೊಬ್ಬಳಿಗೆ ಹುಣ್ಣಿಮೆ ಚಂದ್ರನನ್ನು ಬರೆಯುವ ಆಸೆ. ಬರಿಗೈಯಲ್ಲಿ ಗುಂಡಗೆ ಬರೆಯುವುದು ಕಷ್ಟ. ಅದಕ್ಕೆ ಅವಳು ಒಂದು ಉಪಾಯ ಮಾಡಿದಳು. ಗಾಜಿನ ಬಳೆಯೊಂದನ್ನು ಹಲಗೆಯ ಮೇಲಿಟ್ಟು, ಅದರ ಒಳ ಅಂಚಿನಗುಂಟ ಲೇಖನಿಯನ್ನು ಒಂದು ಸುತ್ತು ತಿರುಗಿಸಿದಳು. ಪರದೆ ನೋಡಿದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. "ಟೀಚರ್, ನೋಡ್ರಿ, ಬಳಿ ತತ್ತಿ ಆಗ್ಯಾದ!" ಎಂದು ಒಬ್ಬ ಕೂಗಿದ. "ನಿನ್ನ ಕೈ ನಡುಗಿರಬೇಕು" ಎಂದು ಇನ್ನೊಬ್ಬ ಹೇಳಿದ. ಹುಡುಗಿ ತಲೆ ತಗ್ಗಿಸಿದಳು.

ಆದರೆ ಮಕ್ಕಳೇ, ಸ್ವಲ್ಪ ಯೋಚಿಸಿ. ಬಳೆ ಗುಂಡಗಿದೆ. ಲೇಖನಿ ಬಳೆಯ ಅಂಚನ್ನು ಬಿಟ್ಟು ಕದಲಿಲ್ಲ. ಹಾಗಾದರೆ ಕೈಯದು ತಪ್ಪು ಹೇಗಾದೀತು? ತಪ್ಪು ಕೈ ಮತ್ತು ಪರದೆಯ ನಡುವೆ ಎಲ್ಲೋ ಅಡಗಿದೆ. ಅದನ್ನು ಹುಡುಕುತ್ತ ಹೋಗೋಣ ಬನ್ನಿ.

ಬೆರಳು ಮುಟ್ಟಿದರೆ ಸಂಖ್ಯೆ

ಮೊದಲು ಲ್ಯಾಪ್‌ಟಾಪಿನಲ್ಲಿಯೇ ಇರುವ ಟಚ್‌ಪ್ಯಾಡನ್ನು ನೋಡೋಣ. ಕೀಲಿಮಣೆಯ ಕೆಳಗೆ ನುಣುಪಾದ ಚೌಕಾಕಾರದ ಜಾಗವಿರುತ್ತದಲ್ಲ, ಅದೇ ಟಚ್‌ಪ್ಯಾಡ್. ಅದರ ಮೇಲೆ ಬೆರಳು ಜಾರಿಸಿದರೆ ಪರದೆಯ ಮೇಲಿನ ಬಾಣದ ಗುರುತು ಓಡಾಡುತ್ತದೆ. 1994ರಲ್ಲಿ ಆಪಲ್ ಕಂಪನಿಯ ಪವರ್‌ಬುಕ್ ಲ್ಯಾಪ್‌ಟಾಪಿನಲ್ಲಿ ಇದನ್ನು ಅಳವಡಿಸಿದ ಮೇಲೆ ಇದು ಬಹಳ ಬೇಗ ಜನಪ್ರಿಯವಾಯಿತು. ಅದಕ್ಕೆ ಮೊದಲು ಹಲವು ಲ್ಯಾಪ್‌ಟಾಪುಗಳಲ್ಲಿ ಬೆರಳಿನಿಂದ ಉರುಳಿಸುವ ಒಂದು ಗೋಲಿ ಇರುತ್ತಿತ್ತು.

ಟಚ್‌ಪ್ಯಾಡಿನ ಒಳಗೆ ಕಣ್ಣಿಲ್ಲ, ಕ್ಯಾಮೆರಾ ಇಲ್ಲ. ನುಣುಪಾದ ಹೊದಿಕೆಯ ಕೆಳಗೆ ತೆಳುವಾದ ಲೋಹದ ಪಟ್ಟಿಗಳು ಅಡ್ಡಡ್ಡ ಮತ್ತು ಉದ್ದುದ್ದ ಹಾಸಿಕೊಂಡಿವೆ. ನೇಕಾರನ ಹಾಸು ಹೊಕ್ಕಿನಂತೆ. ಈ ಪಟ್ಟಿಗಳಲ್ಲಿ ಬಹಳ ದುರ್ಬಲವಾದ ವಿದ್ಯುತ್ ಹರಿಯುತ್ತಿರುತ್ತದೆ. ಪಟ್ಟಿಗಳ ಸುತ್ತ ಒಂದು ಚಿಕ್ಕ ವಿದ್ಯುತ್ ಕ್ಷೇತ್ರ ಇರುತ್ತದೆ.

ನಮ್ಮ ದೇಹದಲ್ಲಿ ನೀರಿದೆ, ಲವಣಗಳಿವೆ. ಆದ್ದರಿಂದ ದೇಹ ವಿದ್ಯುತ್ ವಾಹಕ. ಬೆರಳು ಹತ್ತಿರ ಬಂದಾಗ ಆ ಜಾಗದ ವಿದ್ಯುತ್ ಕ್ಷೇತ್ರ ಸ್ವಲ್ಪ ಬದಲಾಗುತ್ತದೆ. ಟಚ್‌ಪ್ಯಾಡಿನಲ್ಲಿರುವ ಪುಟ್ಟ ಚಿಪ್ ಒಂದೊಂದು ಪಟ್ಟಿಯಲ್ಲೂ ಎಷ್ಟು ಬದಲಾವಣೆಯಾಯಿತು ಎಂದು ಅಳೆಯುತ್ತದೆ. ಸೆಕೆಂಡಿಗೆ ಸುಮಾರು ನೂರು ಸಲ ಹೀಗೆ ಅಳೆಯುತ್ತಲೇ ಇರುತ್ತದೆ.

ಬೆರಳು ಒಂದೇ ಪಟ್ಟಿಯ ಮೇಲೆ ಕೂರುವಷ್ಟು ಸಣ್ಣದಲ್ಲ. ಅಕ್ಕಪಕ್ಕದ ಪಟ್ಟಿಗಳಿಗೂ ಅದರ ಪ್ರಭಾವ ತಟ್ಟುತ್ತದೆ. ಹಾಗಿದ್ದರೆ ಬೆರಳಿನ ನಡುಭಾಗ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಲೆಕ್ಕ ಹಾಕಿ. ಪಟ್ಟಿಗಳು 5 ಮಿಲಿಮೀಟರಿಗೆ ಒಂದರಂತೆ ಇವೆ ಎನ್ನಿ. ಮೂರನೆಯ ಪಟ್ಟಿ 10 ಎಂದು, ನಾಲ್ಕನೆಯದು 60 ಎಂದು, ಐದನೆಯದು 30 ಎಂದು ಹೇಳಿತು. ಪ್ರತಿ ಪಟ್ಟಿಯ ಕ್ರಮಸಂಖ್ಯೆಯನ್ನು ಅದು ಹೇಳಿದ ಸಂಖ್ಯೆಯಿಂದ ಗುಣಿಸಿ ಕೂಡಿಸೋಣ. 30, 240, 150. ಒಟ್ಟು 420. ಮೂರೂ ಪಟ್ಟಿಗಳು ಹೇಳಿದ ಸಂಖ್ಯೆಗಳ ಮೊತ್ತ 100. 420ನ್ನು 100ರಿಂದ ಭಾಗಿಸಿದರೆ 4.2. ಅಂದರೆ ಬೆರಳಿನ ನಡುಭಾಗ ನಾಲ್ಕನೆಯ ಪಟ್ಟಿಯಿಂದ ತುಸು ಆಚೆಗೆ, ಅಂಚಿನಿಂದ 21 ಮಿಲಿಮೀಟರ್ ದೂರದಲ್ಲಿ ಇದೆ. ನೀವು ಗಣಿತದಲ್ಲಿ ಕಲಿಯುವ ಸರಾಸರಿಯೇ ಇಲ್ಲಿ ಕೆಲಸ ಮಾಡುತ್ತಿದೆ!

ಒಣ ಕಡ್ಡಿಯಿಂದ ಟಚ್‌ಪ್ಯಾಡ್ ಮುಟ್ಟಿದರೆ ಬಾಣ ಕದಲುವುದಿಲ್ಲ. ಒಣ ಕಡ್ಡಿ ವಿದ್ಯುತ್ ವಾಹಕವಲ್ಲ. ಒದ್ದೆ ಬೆರಳಿನಿಂದ ಮುಟ್ಟಿದರೆ ಬಾಣ ಎಲ್ಲೆಲ್ಲೋ ನೆಗೆಯಬಹುದು. ಫಲಕದ ಮೇಲೆ ಹರಡಿದ ನೀರು ಕೂಡ ವಿದ್ಯುತ್ ಕ್ಷೇತ್ರವನ್ನು ಬದಲಿಸುತ್ತದೆ; ಬೆರಳು ಯಾವುದು, ನೀರು ಯಾವುದು ಎಂದು ಚಿಪ್ ಗೊಂದಲಕ್ಕೆ ಬೀಳುತ್ತದೆ. ಆದ್ದರಿಂದ ಕೈ ಒರೆಸಿಕೊಂಡೇ ಟಚ್‌ಪ್ಯಾಡ್ ಮುಟ್ಟಬೇಕು.

ಬ್ಯಾಟರಿ ಇಲ್ಲದ ಲೇಖನಿ

ಗ್ರಾಫಿಕ್ಸ್ ಟ್ಯಾಬ್ಲೆಟ್ ಟಚ್‌ಪ್ಯಾಡಿಗಿಂತ ಹಳೆಯದು. 1964ರಲ್ಲಿ ಅಮೆರಿಕದ ರ್ಯಾಂಡ್ ಸಂಸ್ಥೆಯವರು ಇಂಥ ಒಂದು ಹಲಗೆಯನ್ನು ತಯಾರಿಸಿದ್ದರು. ಅದರ ಬರೆಯುವ ಜಾಗ 10 ಅಂಗುಲ ಉದ್ದ, 10 ಅಂಗುಲ ಅಗಲ. ಅಷ್ಟರಲ್ಲಿಯೇ ಹತ್ತು ಲಕ್ಷಕ್ಕೂ ಹೆಚ್ಚು ಬಿಂದುಗಳನ್ನು ಅದು ಬೇರೆಬೇರೆಯಾಗಿ ಗುರುತಿಸುತ್ತಿತ್ತು. ಆದರೆ ಅದರ ಲೇಖನಿಗೆ ಒಂದು ತಂತಿ ಕಟ್ಟಿರುತ್ತಿತ್ತು.

1980ರ ದಶಕದಲ್ಲಿ ಜಪಾನಿನ ವ್ಯಾಕಮ್ ಕಂಪನಿ ತಂತಿಯಿಲ್ಲದ ಲೇಖನಿಯನ್ನು ತಂದಿತು. ಇಂದು ಸಿಗುವ ಅನೇಕ ಟ್ಯಾಬ್ಲೆಟ್‌ಗಳ ಲೇಖನಿಗೆ ತಂತಿಯೂ ಇಲ್ಲ, ಒಳಗೆ ಬ್ಯಾಟರಿಯೂ ಇಲ್ಲ. ಹಾಗಾದರೆ ಅದು ತಾನು ಇರುವ ಜಾಗವನ್ನು ಹಲಗೆಗೆ ತಿಳಿಸುವುದು ಹೇಗೆ?

ಭಜನೆಯಲ್ಲಿ ತಂಬೂರಿಯನ್ನು ನೋಡಿದ್ದೀರಲ್ಲ? ಒಂದೇ ಶ್ರುತಿಗೆ ಕೂಡಿಸಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಇನ್ನೊಂದು ತಾನಾಗಿಯೇ ಮೆಲ್ಲಗೆ ಕಂಪಿಸುತ್ತದೆ. ಇದಕ್ಕೆ ಅನುರಣನ ಎನ್ನುತ್ತಾರೆ. ಟ್ಯಾಬ್ಲೆಟ್ ಹಲಗೆಯ ಒಳಗೆ ತಂತಿಯ ಸುರುಳಿಗಳಿವೆ. ಲೇಖನಿಯೊಳಗೂ ಒಂದು ಪುಟ್ಟ ಸುರುಳಿ ಇದೆ. ಹಲಗೆಯ ಸುರುಳಿಗಳು ಒಂದು ಕ್ಷಣ ವಿದ್ಯುತ್ಕಾಂತೀಯ ಅಲೆಗಳನ್ನು ಹೊರಡಿಸುತ್ತವೆ. ಅದೇ ಶ್ರುತಿಗೆ ಕೂಡಿಸಿದ ಲೇಖನಿಯ ಸುರುಳಿ ಆ ಶಕ್ತಿಯನ್ನು ಹೀರಿಕೊಂಡು ಕಂಪಿಸತೊಡಗುತ್ತದೆ. ಮರುಕ್ಷಣ ಹಲಗೆ ತಾನು ಸುಮ್ಮನಾಗಿ, ಲೇಖನಿಯ ಮರುದನಿಗೆ ಕಿವಿಗೊಡುತ್ತದೆ. ಯಾವ ಸುರುಳಿಗೆ ಮರುದನಿ ಜೋರಾಗಿ ಕೇಳಿತೋ ಅದರ ಹತ್ತಿರ ಲೇಖನಿ ಇದೆ ಎಂದು ಲೆಕ್ಕ. ಲೇಖನಿ ಹಲಗೆಯನ್ನು ಮುಟ್ಟದೆ ಅರ್ಧ ಸೆಂಟಿಮೀಟರ್ ಮೇಲಿದ್ದರೂ ಪರದೆಯ ಬಾಣ ಓಡಾಡುವುದು ಇದೇ ಕಾರಣಕ್ಕೆ.

ಲೇಖನಿಯ ಮೊನೆಯನ್ನು ಒತ್ತಿದರೆ ಅದರ ಶ್ರುತಿ ತುಸು ಬದಲಾಗುತ್ತದೆ. ಎಷ್ಟು ಬದಲಾಯಿತು ಎನ್ನುವುದರಿಂದ ಎಷ್ಟು ಒತ್ತಿದಿರಿ ಎಂದು ಹಲಗೆ ತಿಳಿಯುತ್ತದೆ. ಇಂದಿನ ಸಾಮಾನ್ಯ ಟ್ಯಾಬ್ಲೆಟ್ ಕೂಡ ಒತ್ತಡವನ್ನು 4096 ಹಂತಗಳಲ್ಲಿ ಅಳೆಯಬಲ್ಲದು.

ಇಷ್ಟೆಲ್ಲ ಮಾಡಿದ ಮೇಲೆ ಹಲಗೆ ಕಂಪ್ಯೂಟರಿಗೆ ಕಳಿಸುವುದು ಏನನ್ನು? ಚಿತ್ರವನ್ನಲ್ಲ. ಬರೀ ಮೂರು ಸಂಖ್ಯೆಗಳನ್ನು. ಎಡದಿಂದ ಎಷ್ಟು ದೂರ, ಮೇಲಿನಿಂದ ಎಷ್ಟು ದೂರ, ಒತ್ತಡ ಎಷ್ಟು. ಮತ್ತೆ ಮೂರು ಸಂಖ್ಯೆ. ಮತ್ತೆ ಮೂರು ಸಂಖ್ಯೆ. ಅದು ಬಳೆಯೋ, ಚಂದ್ರನೋ, ನಿಮ್ಮ ಹೆಸರೋ ಹಲಗೆಗೆ ಗೊತ್ತಿಲ್ಲ.

ನಡುವೆ ಒಬ್ಬ ದುಭಾಷಿ

ಇಂಡಿಯ ರೈತರೊಬ್ಬರು ನಿಂಬೆಹಣ್ಣು ಮಾರಲು ದೂರದ ಪಟ್ಟಣಕ್ಕೆ ಹೋದರು ಎನ್ನಿ. ಅಲ್ಲಿಯ ವ್ಯಾಪಾರಿಗೆ ಕನ್ನಡ ಬಾರದು. ಇವರಿಗೆ ಅವನ ಭಾಷೆ ಬಾರದು. ನಡುವೆ ಎರಡೂ ಭಾಷೆ ಬಲ್ಲ ಒಬ್ಬ ದುಭಾಷಿ ಬೇಕು. ದುಭಾಷಿ ಸರಿಯಾಗಿ ಹೇಳಿದರೆ ವ್ಯಾಪಾರ ಕುದುರುತ್ತದೆ. ಅವನು ನೂರನ್ನು ತೊಂಬತ್ತು ಎಂದರೆ ರೈತರ ಮಾತು ಸರಿಯಿದ್ದರೂ ನಷ್ಟವಾಗುತ್ತದೆ.

ಕಂಪ್ಯೂಟರಿನಲ್ಲಿ ಇಂಥ ದುಭಾಷಿಯ ಕೆಲಸ ಮಾಡುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಕನ್ನಡದಲ್ಲಿ ಚಾಲಕ ತಂತ್ರಾಂಶ ಎನ್ನಬಹುದು. ಮುದ್ರಣಯಂತ್ರಕ್ಕೆ ಒಂದು ಡ್ರೈವರ್, ಮೌಸಿಗೆ ಒಂದು, ಟಚ್‌ಪ್ಯಾಡಿಗೆ ಒಂದು, ಟ್ಯಾಬ್ಲೆಟ್‌ಗೆ ಒಂದು. ಹಲಗೆಯಿಂದ ಬಂದ ಸಂಖ್ಯೆಗಳನ್ನು ತೆಗೆದುಕೊಂಡು, "ಬಾಣವನ್ನು ಇಲ್ಲಿಗೆ ಸರಿಸು", "ಈಗ ಗೆರೆ ಎಳೆ", "ಇದು ಒತ್ತಿದ್ದಲ್ಲ, ಬರೀ ಅಂಗೈ ತಗುಲಿದ್ದು" ಎಂದು ಕಂಪ್ಯೂಟರಿಗೆ ಹೇಳುವುದು ಡ್ರೈವರ್.

ದುಭಾಷಿಗೆ ನಾವು ಮೊದಲೇ ಕೆಲವು ಸೂಚನೆ ಕೊಡಬಹುದು. ಹಾಗೆಯೇ ಡ್ರೈವರಿಗೂ ಕೊಡಬಹುದು. ಈ ಸೂಚನೆಗಳನ್ನು ಹೊಂದಾಣಿಕೆ ಅಥವಾ ಸೆಟ್ಟಿಂಗ್ ಎನ್ನುತ್ತೇವೆ. ನಮ್ಮ ಹುಡುಗಿಯ ಬಳೆ ಕೆಟ್ಟದ್ದು ಇಲ್ಲಿಯೇ.

ಎರಡು ಬಗೆಯ ದಾರಿ

ಊರಿಗೆ ಹೊಸಬರು ಬಂದು ದಾರಿ ಕೇಳಿದರೆ ಎರಡು ರೀತಿಯಲ್ಲಿ ಹೇಳಬಹುದು. "ಗುಡಿಯಿಂದ ಮೂಡಲಿಗೆ ಇಪ್ಪತ್ತು ಹೆಜ್ಜೆ" ಎಂಬುದು ಒಂದು ರೀತಿ. ಕೇಳಿದವರು ಎಲ್ಲಿಯೇ ನಿಂತಿರಲಿ, ಆ ಜಾಗ ಒಂದೇ. "ನೀವು ನಿಂತಲ್ಲಿಂದ ಮುಂದೆ ಹತ್ತು ಹೆಜ್ಜೆ" ಎಂಬುದು ಇನ್ನೊಂದು ರೀತಿ. ಎಲ್ಲಿ ನಿಂತಿದ್ದಾರೆ ಎನ್ನುವುದರ ಮೇಲೆ ಜಾಗ ಬದಲಾಗುತ್ತದೆ.

ಟಚ್‌ಪ್ಯಾಡಿನ ಡ್ರೈವರ್ ಎರಡನೆಯ ರೀತಿಯದು. ಬೆರಳು ಎಲ್ಲಿ ಇದೆ ಎಂಬುದಕ್ಕಿಂತ ಎಷ್ಟು ಸರಿಯಿತು ಎಂಬುದನ್ನೇ ಅದು ನೋಡುತ್ತದೆ. ಬೆರಳನ್ನು ಎತ್ತಿ ಬೇರೆ ಕಡೆ ಇಟ್ಟರೆ ಬಾಣ ನೆಗೆಯುವುದಿಲ್ಲ. ಬೆರಳು ನಿಧಾನವಾಗಿ ಸರಿದರೆ ಬಾಣ ಸ್ವಲ್ಪ ಸರಿಯುತ್ತದೆ. ಅಷ್ಟೇ ದೂರವನ್ನು ಬೆರಳು ವೇಗವಾಗಿ ದಾಟಿದರೆ ಬಾಣ ಪರದೆಯ ಆ ತುದಿಗೇ ಹೋಗಿಬಿಡಬಹುದು. ವೇಗಕ್ಕೆ ತಕ್ಕಂತೆ ದೂರವನ್ನು ಹೆಚ್ಚಿಸುವ ಈ ಕೆಲಸವೂ ಡ್ರೈವರಿನದೇ. ಅಂಗೈಯಷ್ಟು ಜಾಗದಲ್ಲಿ ಇಡೀ ಪರದೆಯನ್ನು ಸುತ್ತಲು ಇದು ಬೇಕು.

ಟ್ಯಾಬ್ಲೆಟ್‌ನ ಡ್ರೈವರ್ ಸಾಮಾನ್ಯವಾಗಿ ಮೊದಲನೆಯ ರೀತಿಯದು. ಹಲಗೆಯ ಮೇಲಿನ ಎಡಮೂಲೆ ಎಂದರೆ ಪರದೆಯ ಮೇಲಿನ ಎಡಮೂಲೆ. ಹಲಗೆಯ ನಡು ಎಂದರೆ ಪರದೆಯ ನಡು. ಹಲಗೆಯ ಪ್ರತಿ ಬಿಂದುವಿಗೂ ಪರದೆಯಲ್ಲಿ ಒಂದು ನಿಗದಿಯಾದ ಜಾಗ. ಚಿತ್ರ ಬರೆಯುವವರಿಗೆ ಇದೇ ಬೇಕು.

ಬಳೆಯ ಗುಟ್ಟು ರಟ್ಟು

ಈಗ ಲೆಕ್ಕ ಮಾಡೋಣ. ಪುಸ್ತಕ, ಪೆನ್ಸಿಲ್ ತೆಗೆದುಕೊಳ್ಳಿ.

ಒಂದು ಚಿಕ್ಕ ಟ್ಯಾಬ್ಲೆಟ್‌ನಲ್ಲಿ ಬರೆಯುವ ಜಾಗ 15.2 ಸೆಂಟಿಮೀಟರ್ ಅಗಲ, 9.5 ಸೆಂಟಿಮೀಟರ್ ಎತ್ತರ ಇದೆ. ಅದು ಮಿಲಿಮೀಟರಿಗೆ 100 ಬಿಂದುಗಳನ್ನು ಗುರುತಿಸುತ್ತದೆ. ಹಾಗಾದರೆ ಅಡ್ಡಲಾಗಿ 15,200 ಬಿಂದು, ಉದ್ದಕ್ಕೆ 9,500 ಬಿಂದು. ಲ್ಯಾಪ್‌ಟಾಪಿನ ಪರದೆಯಲ್ಲಿ ಅಡ್ಡಲಾಗಿ 1,366 ಚುಕ್ಕೆ, ಉದ್ದಕ್ಕೆ 768 ಚುಕ್ಕೆ ಇವೆ ಎನ್ನಿ.

ಡ್ರೈವರ್ ಇಡೀ ಹಲಗೆಯನ್ನು ಇಡೀ ಪರದೆಗೆ ಹೊಂದಿಸುತ್ತದೆ. ಅಡ್ಡಳತೆಗೆ 1,366ನ್ನು 15,200ರಿಂದ ಭಾಗಿಸಬೇಕು. ಉದ್ದಳತೆಗೆ 768ನ್ನು 9,500ರಿಂದ ಭಾಗಿಸಬೇಕು. ಭಾಗಿಸಿ ನೋಡಿ. ಮೊದಲನೆಯದು ಸುಮಾರು 0.0899. ಎರಡನೆಯದು ಸುಮಾರು 0.0808. ಎರಡೂ ಒಂದೇ ಅಲ್ಲ!

ಬಳೆಯ ಒಳಗಿನ ವ್ಯಾಸ 6 ಸೆಂಟಿಮೀಟರ್. ಅಂದರೆ ಹಲಗೆಯ ಲೆಕ್ಕದಲ್ಲಿ 6,000 ಬಿಂದು ಅಗಲ, 6,000 ಬಿಂದು ಎತ್ತರ. ಪರದೆಗೆ ಬಂದಾಗ ಅಗಲ ಸುಮಾರು 539 ಚುಕ್ಕೆ ಆಯಿತು. ಎತ್ತರ ಸುಮಾರು 485 ಚುಕ್ಕೆ ಮಾತ್ರ ಆಯಿತು. ಅಗಲ ಹೆಚ್ಚು, ಎತ್ತರ ಕಡಿಮೆ. ಗುಂಡಗಿನ ಬಳೆ ಮಲಗಿಸಿದ ತತ್ತಿಯಾಯಿತು!

ಹಲಗೆಯ ಅಗಲ ಎತ್ತರಗಳ ಅನುಪಾತವೂ ಪರದೆಯ ಅಗಲ ಎತ್ತರಗಳ ಅನುಪಾತವೂ ಬೇರೆಬೇರೆ ಆಗಿರುವುದೇ ಇದಕ್ಕೆ ಕಾರಣ. ಹಲಗೆಯದು 1.6, ಪರದೆಯದು ಸುಮಾರು 1.78. ಹುಡುಗಿಯ ಕೈ ನಡುಗಿರಲಿಲ್ಲ. ಬಳೆಯೂ ಸೊಟ್ಟಗಿರಲಿಲ್ಲ. ಡ್ರೈವರ್ ಕೂಡ ತನಗೆ ಹೇಳಿದ್ದನ್ನೇ ಮಾಡಿತ್ತು. ಅದಕ್ಕೆ ಕೊಟ್ಟ ಸೂಚನೆ ಸರಿಯಿರಲಿಲ್ಲ, ಅಷ್ಟೇ.

ಸರಿಪಡಿಸುವುದು ಹೇಗೆ? ಹಲಗೆಯ ಎತ್ತರದಲ್ಲಿ ಸ್ವಲ್ಪ ಜಾಗವನ್ನು ಬಿಟ್ಟುಬಿಡಬೇಕು. 15,200ನ್ನು 768ರಿಂದ ಗುಣಿಸಿ 1,366ರಿಂದ ಭಾಗಿಸಿದರೆ ಸುಮಾರು 8,546 ಬರುತ್ತದೆ. ಹಲಗೆಯ 9,500 ಬಿಂದುಗಳ ಎತ್ತರದಲ್ಲಿ 8,546 ಬಿಂದುಗಳನ್ನು ಮಾತ್ರ ಬಳಸು ಎಂದು ಡ್ರೈವರಿಗೆ ಹೇಳಬೇಕು. ಆಗ ಹಲಗೆಯ ಕೆಳಗಡೆ ಸುಮಾರು ಒಂದು ಸೆಂಟಿಮೀಟರ್ ಪಟ್ಟಿ ಖಾಲಿ ಉಳಿಯುತ್ತದೆ. ಆದರೆ ಬಳೆಯ ಅಗಲವೂ 539, ಎತ್ತರವೂ 539. ಚಂದ್ರ ಗುಂಡಗಾದ!

ಈ ಲೆಕ್ಕವನ್ನು ನಾವೇ ಮಾಡಬೇಕೆಂದಿಲ್ಲ. ಅನೇಕ ಟ್ಯಾಬ್ಲೆಟ್‌ಗಳ ಡ್ರೈವರಿನಲ್ಲಿ ಅನುಪಾತವನ್ನು ಕಾಯ್ದುಕೊಳ್ಳುವ ಒಂದು ಆಯ್ಕೆ ಇರುತ್ತದೆ. ಅದಕ್ಕೆ ಗುರುತು ಹಾಕಿದರೆ ಸಾಕು, ಡ್ರೈವರ್ ತಾನೇ ಲೆಕ್ಕ ಮಾಡಿಕೊಳ್ಳುತ್ತದೆ. ಆದರೆ ಒಳಗೆ ಏನಾಗುತ್ತದೆ ಎಂದು ತಿಳಿದವರಿಗೆ ಮಾತ್ರ ಆ ಗುರುತು ಏಕೆ ಬೇಕು ಎಂದು ಗೊತ್ತಿರುತ್ತದೆ.

ಪ್ರತಿ ಕೈಗೂ ಅದರದೇ ಹೊಂದಾಣಿಕೆ

ನಿಮ್ಮ ತರಗತಿಯಲ್ಲಿ ಎಡಗೈಯಲ್ಲಿ ಬರೆಯುವ ಗೆಳೆಯರು ಇದ್ದಾರೆಯೇ? ಕೆಲವು ಟ್ಯಾಬ್ಲೆಟ್‌ಗಳ ಒಂದು ಬದಿಯಲ್ಲಿ ಗುಂಡಿಗಳಿರುತ್ತವೆ. ಬಲಗೈಯವರಿಗೆ ಅನುಕೂಲವಾಗಲೆಂದು ಅವು ಎಡಬದಿಯಲ್ಲಿವೆ. ಎಡಗೈಯವರು ಬರೆಯುವಾಗ ಅವರ ಕೈ ಆ ಗುಂಡಿಗಳಿಗೇ ತಗುಲುತ್ತದೆ. ಇದಕ್ಕೆ ಪರಿಹಾರ ಸುಲಭ. ಹಲಗೆಯನ್ನು ಅರ್ಧ ಸುತ್ತು ತಿರುಗಿಸಿ ಇಡಿ. ಡ್ರೈವರಿಗೂ "ಹಲಗೆ ತಿರುಗಿದೆ" ಎಂದು ಹೇಳಿ. ಅದು ಪ್ರತಿ ಸಂಖ್ಯೆಯನ್ನೂ 15,200ರಿಂದ ಮತ್ತು 9,500ರಿಂದ ಕಳೆಯುತ್ತದೆ. ಎಡದಿಂದ 200ನೆಯ ಬಿಂದು 15,000 ಆಗುತ್ತದೆ. ಒಂದು ಸಣ್ಣ ಕಳೆಯುವ ಲೆಕ್ಕದಿಂದ ಹಲಗೆ ಎಡಗೈಯವರದ್ದಾಯಿತು. ಮೌಸಿನಲ್ಲಿಯೂ ಎಡ ಬಲ ಗುಂಡಿಗಳ ಕೆಲಸವನ್ನು ಹೀಗೆ ಅದಲು ಬದಲು ಮಾಡಬಹುದು.

ಕೆಲವರು ಲೇಖನಿಯನ್ನು ಹಗುರವಾಗಿ ಹಿಡಿಯುತ್ತಾರೆ. ಅವರು ಬರೆದ ಗೆರೆ ಕಾಣಿಸದಷ್ಟು ತೆಳ್ಳಗೆ ಬರುತ್ತದೆ. ಕೆಲವರು ಪೆನ್ಸಿಲಿನ ಮೊನೆ ಮುರಿಯುವಂತೆ ಒತ್ತುತ್ತಾರೆ. ಅವರ ಗೆರೆಯೆಲ್ಲ ದಪ್ಪ. ಡ್ರೈವರಿನಲ್ಲಿ ಒತ್ತಡದ ಹೊಂದಾಣಿಕೆ ಇರುತ್ತದೆ. ಅದನ್ನು ಮೃದು ಎಂಬ ಕಡೆಗೆ ಸರಿಸಿದರೆ ಹಗುರವಾಗಿ ಒತ್ತಿದರೂ ದಪ್ಪ ಗೆರೆ ಬರುತ್ತದೆ. ಗಡುಸು ಎಂಬ ಕಡೆಗೆ ಸರಿಸಿದರೆ ಜೋರಾಗಿ ಒತ್ತುವವರಿಗೂ ತೆಳು ಗೆರೆ ಸಾಧ್ಯ.

ಹೊಲದಲ್ಲಿ ದುಡಿದು ಬೆರಳ ತುದಿ ಒರಟಾದವರು, ಬೇಸಿಗೆಯಲ್ಲಿ ಚರ್ಮ ಒಣಗಿದವರು ಟಚ್‌ಪ್ಯಾಡ್ ಮುಟ್ಟಿದರೆ ಕೆಲವೊಮ್ಮೆ ಅದು ಅಲುಗುವುದೇ ಇಲ್ಲ. ದಪ್ಪ, ಒಣ ಚರ್ಮದಿಂದ ವಿದ್ಯುತ್ ಕ್ಷೇತ್ರದಲ್ಲಿ ಆಗುವ ಬದಲಾವಣೆ ಕಡಿಮೆ. ಬದಲಾವಣೆ ಒಂದು ಮಿತಿಗಿಂತ ಹೆಚ್ಚಾದರೆ ಮಾತ್ರ ಡ್ರೈವರ್ ಅದನ್ನು ಸ್ಪರ್ಶ ಎಂದು ಒಪ್ಪುತ್ತದೆ. ಸೂಕ್ಷ್ಮತೆಯನ್ನು ಹೆಚ್ಚಿಸಿದರೆ ಈ ಮಿತಿ ಇಳಿಯುತ್ತದೆ. ಆಗ ಅಪ್ಪನ ಬೆರಳಿಗೂ ಟಚ್‌ಪ್ಯಾಡ್ ಓಗೊಡುತ್ತದೆ.

ಈ ಮಿತಿಯಲ್ಲಿ ಒಂದು ಜಾಣತನವಿದೆ. ಊರಿನ ನೀರಿನ ಟ್ಯಾಂಕಿಗೆ ಸ್ವಯಂಚಾಲಿತ ಮೋಟರ್ ಇದೆ ಎನ್ನಿ. ನೀರು ಕಾಲುಭಾಗಕ್ಕೆ ಇಳಿದಾಗ ಅದು ಚಾಲೂ ಆಗುತ್ತದೆ, ಟ್ಯಾಂಕ್ ತುಂಬಿದಾಗ ನಿಲ್ಲುತ್ತದೆ. ಎರಡಕ್ಕೂ ಒಂದೇ ಗುರುತು ಇಟ್ಟಿದ್ದರೆ ನೀರು ಅಲ್ಲಿ ತುಸು ಅಲುಗಿದಾಗಲೆಲ್ಲ ಮೋಟರ್ ಚಾಲೂ ಆಗಿ, ನಿಂತು, ಸುಟ್ಟೇ ಹೋಗುತ್ತಿತ್ತು. ಟಚ್‌ಪ್ಯಾಡಿನಲ್ಲಿಯೂ ಎರಡು ಗುರುತು. ಸಂಖ್ಯೆ 30 ದಾಟಿದರೆ ಬೆರಳು ಇಟ್ಟರು ಎಂದು, 25ಕ್ಕಿಂತ ಕೆಳಗಿಳಿದರೆ ಬೆರಳು ಎತ್ತಿದರು ಎಂದು ಲೆಕ್ಕ. ಆದ್ದರಿಂದ ಬೆರಳು ತುಸು ನಡುಗಿದರೂ ಸ್ಪರ್ಶ ಕಡಿದುಹೋಗುವುದಿಲ್ಲ.

ಇನ್ನೂ ಕೆಲವು ಹೊಂದಾಣಿಕೆಗಳಿವೆ. ಫಲಕವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಅದು ಗುಂಡಿ ಒತ್ತಿದ್ದಕ್ಕೆ ಸಮ. ತಟ್ಟಿದ್ದೋ, ಜಾರಿಸಿದ್ದೋ ಎಂದು ಡ್ರೈವರ್ ತಿಳಿಯುವುದು ಸಮಯದಿಂದ. ಬೆರಳು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಇದ್ದು, ಹೆಚ್ಚು ಸರಿಯದೆ ಎದ್ದರೆ ಅದು ತಟ್ಟಿದ್ದು ಎಂದು ಲೆಕ್ಕ. ಟೈಪ್ ಮಾಡುವಾಗ ಅಂಗೈ ಟಚ್‌ಪ್ಯಾಡಿಗೆ ತಗುಲಿ ಬಾಣ ಹಾರಿಹೋಗುವುದುಂಟು. ಅದಕ್ಕೂ ಮದ್ದು ಇದೆ. ತಗುಲಿದ ಜಾಗ ಬಹಳ ದೊಡ್ಡದಿದ್ದರೆ ಅದು ಬೆರಳಲ್ಲ, ಅಂಗೈ ಎಂದು ಡ್ರೈವರ್ ಬಿಟ್ಟುಬಿಡುತ್ತದೆ. ಕೀಲಿ ಒತ್ತುತ್ತಿರುವಾಗ ಟಚ್‌ಪ್ಯಾಡನ್ನೇ ಒಂದು ಕ್ಷಣ ಸುಮ್ಮನಿರಿಸುತ್ತದೆ.

ಕನ್ನಡದ ಕೈಗಳಿಗಾಗಿ

ಈ ಯಂತ್ರಗಳು ಹುಟ್ಟಿದ್ದು ದೂರದ ದೇಶಗಳಲ್ಲಿ. ನಮ್ಮ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವಲ್ಲ. ಆದರೂ ನಾವು ಅವುಗಳಿಂದ ಕನ್ನಡ ಬರೆಯುತ್ತೇವೆ. ಹೇಗೆ?

ಕೀಲಿಮಣೆಯ ಕೆ ಎಂಬ ಕೀಲಿಯನ್ನು ಒತ್ತಿದಾಗ ಕಂಪ್ಯೂಟರಿಗೆ ಹೋಗುವುದು ಇಂಗ್ಲಿಷ್ ಅಕ್ಷರವಲ್ಲ. "ಇಂಥ ಸಂಖ್ಯೆಯ ಕೀಲಿ ಒತ್ತಲಾಗಿದೆ" ಎಂಬ ಸುದ್ದಿ ಮಾತ್ರ. ಅದನ್ನು ಇಂಗ್ಲಿಷಿನ ಕೆ ಎನ್ನಬೇಕೋ, ಕನ್ನಡದ ಕ ಎನ್ನಬೇಕೋ ಎಂದು ತೀರ್ಮಾನಿಸುವುದು ನಡುವಿನ ತಂತ್ರಾಂಶ. ಕೆ.ಪಿ. ರಾವ್ ಅವರು ಉಚ್ಚಾರಣೆಗೆ ಹೊಂದುವಂತೆ ಕನ್ನಡದ ಕೀಲಿಮಣೆ ವಿನ್ಯಾಸವೊಂದನ್ನು ರೂಪಿಸಿದರು. ಅದನ್ನು ಅನುಸರಿಸಿದ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಇರುವುದು ಇದೇ ವಿನ್ಯಾಸ. ಅದರಲ್ಲಿ ಕೆ, ಎಫ್, ಕೆ ಎಂದು ಒತ್ತಿದರೆ ಕ್ಕ ಮೂಡುತ್ತದೆ. ಕೀಲಿಮಣೆ ಅದೇ, ಬದಲಾದದ್ದು ದುಭಾಷಿ.

2001ರಲ್ಲಿ ಬೆಂಗಳೂರಿನಲ್ಲಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕವನ್ನು ಜನರ ಮುಂದೆ ತಂದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಕಂಪನಿಯ ಎಂಜಿನಿಯರರೂ ಸೇರಿ ಅದನ್ನು ರೂಪಿಸಿದ್ದರು. ಇಂಗ್ಲಿಷ್ ಬಾರದ ಹಳ್ಳಿಯ ಜನರೂ ಕಂಪ್ಯೂಟರ್ ಬಳಸುವಂತಾಗಲಿ ಎಂಬುದು ಅವರ ಆಸೆ. ಅದಕ್ಕೆ ಕೀಲಿಮಣೆ ಇರಲಿಲ್ಲ. ಕಡ್ಡಿಯಂಥ ಲೇಖನಿಯಿಂದ ಪರದೆಯನ್ನೇ ಮುಟ್ಟಬೇಕಿತ್ತು. ಕಡ್ಡಿಯಿಂದ ಮುಟ್ಟುವ ಅಂಥ ಪರದೆಗಳಲ್ಲಿ, ಮುಟ್ಟಿದ್ದು ಒಂದು ಕಡೆ, ಕಂಪ್ಯೂಟರ್ ತಿಳಿದದ್ದು ಇನ್ನೊಂದು ಕಡೆ ಆಗುವುದುಂಟು. ಆಗ ಮೂಲೆಗಳಲ್ಲಿ ಕಾಣಿಸುವ ಗುರುತುಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಬೇಕು. ತಕ್ಕಡಿಯಲ್ಲಿ ತೂಗುವ ಮೊದಲು ಮುಳ್ಳು ನಡುವಿಗೆ ಬಂದಿದೆಯೇ ಎಂದು ನೋಡುತ್ತಾರಲ್ಲ, ಹಾಗೆ.

ಗ್ರಾಫಿಕ್ಸ್ ಟ್ಯಾಬ್ಲೆಟ್ ಅನ್ನೇ ನಮ್ಮ ಲಿಪಿಗೆ ಒಗ್ಗಿಸಿದ ಪ್ರಯತ್ನವೂ ಬೆಂಗಳೂರಿನಲ್ಲಿಯೇ ನಡೆಯಿತು. 2002ರಲ್ಲಿ ಅಲ್ಲಿ ಎಚ್‌ಪಿ ಕಂಪನಿಯ ಸಂಶೋಧನಾಲಯ ಆರಂಭವಾಯಿತು. ಅಲ್ಲಿಯ ಸಂಶೋಧಕರು ಭಾರತೀಯ ಲಿಪಿಗಳ ಒಂದು ಗುಣವನ್ನು ಗಮನಿಸಿದರು. ಕನ್ನಡವನ್ನೇ ನೋಡಿ. 34 ವ್ಯಂಜನಗಳು, 13 ಸ್ವರಗಳು. ಎಲ್ಲ ಕಾಗುಣಿತ ಬರೆದರೆ 34 ಗುಣಿಸು 13, ಅಂದರೆ 442 ಅಕ್ಷರಗಳು. ಒತ್ತಕ್ಷರಗಳು ಬೇರೆ. ಇಷ್ಟಕ್ಕೂ ಒಂದೊಂದು ಕೀಲಿ ಇಡಲು ಸಾಧ್ಯವೇ?

ಅವರ ಉಪಾಯ ಸೊಗಸಾಗಿತ್ತು. ಟ್ಯಾಬ್ಲೆಟ್ ಹಲಗೆಯ ಮೇಲೆ ಮೂಲಾಕ್ಷರಗಳನ್ನು ಮನೆಮನೆಯಾಗಿ ಅಚ್ಚುಮಾಡಿದ ಹಾಳೆಯನ್ನು ಹಾಸಿದರು. ಒಂದು ಮನೆಯನ್ನು ಲೇಖನಿಯಿಂದ ಮುಟ್ಟಿದರೆ ಆ ವ್ಯಂಜನ ಮೂಡುತ್ತದೆ. ಅದೇ ಮನೆಯ ಮೇಲೆ ಗುಣಿತದ ಚಿಹ್ನೆಯನ್ನು ಬರೆದರೆ ಗುಣಿತಾಕ್ಷರ ಮೂಡುತ್ತದೆ. ಕನ್ನಡದಲ್ಲಿ ಹೇಳುವುದಾದರೆ, ಕ ಎಂಬ ಮನೆಯ ಮೇಲೆ ಕೊಂಬು ಎಳೆದರೆ ಕು. ನಾವು ಪಾಟಿಯ ಮೇಲೆ ಕಾಗುಣಿತ ತಿದ್ದುವ ರೀತಿಯೇ ಇದು. ತಂತ್ರಾಂಶ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಲೇಖನಿ ಯಾವ ಮನೆಯಲ್ಲಿ ಇಳಿಯಿತು? ಇಳಿದ ಮೇಲೆ ಯಾವ ಆಕಾರದಲ್ಲಿ ಓಡಿತು? ಮೊದಲ ಉತ್ತರದಿಂದ ವ್ಯಂಜನ, ಎರಡನೆಯ ಉತ್ತರದಿಂದ ಸ್ವರ. ಈ ಉಪಕರಣ ಎಲ್ಲೆಡೆ ಹರಡಲಿಲ್ಲ. ಆದರೆ ಚಿತ್ರದ ಗೆರೆ ಎಳೆಯುವ ಹಲಗೆಯೇ ಕನ್ನಡ ಅಕ್ಷರವನ್ನೂ ಬರೆಯಬಲ್ಲದು ಎಂಬುದನ್ನು ಅದು ತೋರಿಸುತ್ತದೆ. ಸಂಖ್ಯೆಗಳು ಅವೇ, ಅರ್ಥ ನಾವು ಕೊಟ್ಟದ್ದು.

ಮಾಡಿ ನೋಡಿ

ನಿಮ್ಮ ಶಾಲೆಯಲ್ಲಿ ಟ್ಯಾಬ್ಲೆಟ್ ಇಲ್ಲದಿದ್ದರೂ ಬಳೆ ತತ್ತಿಯಾಗುವುದನ್ನು ನೋಡಬಹುದು.

ಬೇಕಾದ ಸಾಮಾನುಗಳು: ಎರಡು ಬಿಳಿ ಹಾಳೆ, ಅಳತೆಪಟ್ಟಿ, ಪೆನ್ಸಿಲ್, ಒಂದು ಬಳೆ.

1. ಮೊದಲ ಹಾಳೆಯಲ್ಲಿ 16 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಆಯತ ಬರೆಯಿರಿ. ಇದು ಹಲಗೆ.

2. ಎರಡನೆಯ ಹಾಳೆಯಲ್ಲಿ 16 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಎತ್ತರದ ಆಯತ ಬರೆಯಿರಿ. ಇದು ಪರದೆ.

3. ಎರಡನ್ನೂ ಅಡ್ಡಲಾಗಿ 8 ಸಮಭಾಗ, ಉದ್ದಕ್ಕೆ 5 ಸಮಭಾಗ ಮಾಡಿ. ಹಲಗೆಯ ಮನೆಗಳು 2 ಸೆಂಟಿಮೀಟರಿನ ಚೌಕಗಳು. ಪರದೆಯ ಮನೆಗಳು 2 ಸೆಂಟಿಮೀಟರ್ ಅಗಲ, 1.8 ಸೆಂಟಿಮೀಟರ್ ಎತ್ತರ.

4. ಹಲಗೆಯ ನಡುವೆ ಬಳೆ ಇಟ್ಟು ಸುತ್ತ ಗೆರೆ ಎಳೆಯಿರಿ.

5. ಗೆರೆ ಪ್ರತಿ ಮನೆಯ ಅಂಚನ್ನು ಎಲ್ಲಿ ದಾಟುತ್ತದೆ ಎಂದು ನೋಡಿ, ಪರದೆಯ ಅದೇ ಮನೆಯ ಅಂಚಿನಲ್ಲಿ ಚುಕ್ಕೆ ಇಡಿ. ಮನೆಯ ಅಂಚಿನ ಅರ್ಧದಲ್ಲಿದ್ದರೆ ಇಲ್ಲಿಯೂ ಅರ್ಧದಲ್ಲಿ. ಕೊನೆಗೆ ಚುಕ್ಕೆಗಳನ್ನು ಸೇರಿಸಿ.

6. ಪರದೆಯ ಚಿತ್ರದ ಅಗಲ ಮತ್ತು ಎತ್ತರ ಅಳೆಯಿರಿ. ಹಲಗೆಯ ಮೇಲಿನ ಗೆರೆಯ ವ್ಯಾಸ 6 ಸೆಂಟಿಮೀಟರ್ ಆಗಿದ್ದರೆ ಇಲ್ಲಿ ಎತ್ತರ ಎಷ್ಟು ಬರಬೇಕು? 5.4 ಸೆಂಟಿಮೀಟರ್ ಬಂದರೆ ನಿಮ್ಮ ಕೆಲಸ ಸರಿಯಾಗಿದೆ.

7. ಈಗ ಹಲಗೆಯ ಕೆಳಗಿನ 1 ಸೆಂಟಿಮೀಟರ್ ಪಟ್ಟಿಯನ್ನು ಹೊಡೆದುಹಾಕಿ, ಉಳಿದ 16 ಮತ್ತು 9ರ ಆಯತವನ್ನು ಮತ್ತೆ 8 ಮತ್ತು 5 ಭಾಗ ಮಾಡಿ. ಬಳೆಯನ್ನು ಮತ್ತೆ ಬರೆದು ನಕಲು ಮಾಡಿ. ಏನಾಯಿತು?

ಡ್ರೈವರ್ ಮಾಡುವ ಕೆಲಸವನ್ನೇ ನೀವು ಈಗ ಕೈಯಿಂದ ಮಾಡಿದಿರಿ. ಅದು ಈ ಕೆಲಸವನ್ನು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಮಾಡುತ್ತದೆ.

ನೆನಪಿಡಿ

ಕಂಪ್ಯೂಟರಿನ ಹೊಂದಾಣಿಕೆ ಬದಲಿಸುವ ಮುನ್ನ ಶಿಕ್ಷಕರನ್ನು ಕೇಳಿ. ಈಗ ಏನಿದೆ ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಪರೀಕ್ಷಿಸಿ. ಮೂರು ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ವಿಜ್ಞಾನದ ಪ್ರಯೋಗಕ್ಕೂ ಇದೇ ನಿಯಮ.

ಆ ಹುಡುಗಿಯ ಕಥೆ ಏನಾಯಿತು? ಟೀಚರ್ ಅನುಪಾತದ ಗುರುತು ಹಾಕಿದರು. ಅವಳು ಅದೇ ಬಳೆಯನ್ನು ಅದೇ ಹಲಗೆಯ ಮೇಲಿಟ್ಟು ಮತ್ತೊಮ್ಮೆ ಲೇಖನಿ ತಿರುಗಿಸಿದಳು. ಪರದೆಯ ಮೇಲೆ ಹುಣ್ಣಿಮೆಯ ಚಂದ್ರ ಮೂಡಿದ. ಮೊದಲು ನಕ್ಕಿದ್ದ ಹುಡುಗ ಎಡಗೈಯವನು. "ನನಗೂ ಒಂದೀಟು ಹಲಗಿ ತಿರುಗಿಸಿ ಕೊಡ್ರಿ ಟೀಚರ್" ಎಂದು ಮುಂದೆ ಬಂದ.

ಯಂತ್ರ ತಪ್ಪು ತೋರಿಸಿದಾಗ ನಮ್ಮ ಕೈಯನ್ನು ನಾವೇ ದೂರುವುದು ಸುಲಭ. ಇನ್ನೊಬ್ಬರ ಕೈಯನ್ನು ನೋಡಿ ನಗುವುದು ಇನ್ನೂ ಸುಲಭ. ಹಾಗೆ ಮಾಡುವ ಮೊದಲು ಬಳೆಯೊಂದನ್ನು ಇಟ್ಟು ನೋಡಿ. ತಪ್ಪು ಎಲ್ಲಿದೆ ಎಂದು ಬಳೆ ಹೇಳುತ್ತದೆ.

ಯೋಚಿಸಿ, ಉತ್ತರಿಸಿ

1. ಎತ್ತರ ಹೆಚ್ಚಿರುವ, ಅಂದರೆ ನಿಲ್ಲಿಸಿದ ಮೊಬೈಲಿನಂಥ ಪರದೆಗೆ ಇದೇ ಹಲಗೆಯನ್ನು ಪೂರ್ತಿ ಹೊಂದಿಸಿದರೆ ಬಳೆ ಯಾವ ಆಕಾರಕ್ಕೆ ಬರುತ್ತದೆ?

2. ಒಂದು ಟಚ್‌ಪ್ಯಾಡಿನಲ್ಲಿ ಆರನೆಯ ಪಟ್ಟಿ 25, ಏಳನೆಯ ಪಟ್ಟಿ 50, ಎಂಟನೆಯ ಪಟ್ಟಿ 25 ಎಂದು ಹೇಳಿದರೆ ಬೆರಳಿನ ನಡುಭಾಗ ಎಲ್ಲಿದೆ?

3. ಅರ್ಧ ಸುತ್ತು ತಿರುಗಿಸಿದ ಹಲಗೆಯಲ್ಲಿ ಯಾವ ಒಂದು ಬಿಂದುವಿನ ಸಂಖ್ಯೆಗಳು ಬದಲಾಗುವುದೇ ಇಲ್ಲ?